ಹೊರಗಿಟ್ಟವರ ಪಟ್ಟಿ

ಮಿಸ್ ತೀರಿಹೋದ ಸುದ್ದಿ ಬಂದಾಗ ನಾನು ಮೊದಲು ಮಾಡಿದ್ದು ಪ್ರಾರ್ಥನೆ ಅಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು, ಫೋನಿನಲ್ಲಿ ಒಂದು ಪುಟ ತೆರೆದು, ನನ್ನ ಹೆಸರು ಅಲ್ಲಿ ಇನ್ನೂ ಇದೆಯೇ ಎಂದು ನೋಡಿದೆ. ಇತ್ತು. ಹನ್ನೊಂದನೆಯ ಸಾಲು. ಹೆಸರು, ಅದರ ಮುಂದೆ ಕಾರಣ. ಲೋಕದಲ್ಲಿ ಯಾರು ಬೇಕಾದರೂ ತೆರೆದು ಓದಬಹುದಾದ ಪುಟ. ಅದನ್ನು ತೆಗೆಸಬೇಕೆಂದು ಎರಡು ವರ್ಷ ಕಾದೆ, ಒಮ್ಮೆ ಕೈಮುಗಿದೂ ಕೇಳಿದೆ. ಈಗ ತೆಗೆಯುವ ಕೈಯೇ ಇಲ್ಲ.

ಇಡೀ ಊರಿಗೆ ಅವರು ಮಿಸ್. ಕಾಪುವಿನ ನಮ್ಮ ಶಾಲೆಯಲ್ಲಿ ಅವರದು ಫಿಸಿಕ್ಸ್, ನನ್ನದು ಇಂಗ್ಲಿಷ್. ಕಲ್ಯಾಣಪುರದಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದರು; ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಲೇಟ್ ಇಲ್ಲ, ಲೇಟ್ ಆದವರನ್ನು ಒಂದು ದಿನವೂ ಕ್ಷಮಿಸಿದ್ದಿಲ್ಲ. ಮದುವೆ ಆಗಿರಲಿಲ್ಲ. ಹೊಸದಾಗಿ ಸೇರಿದ ಟೀಚರೊಬ್ಬಳು ಸ್ಟಾಫ್‌ರೂಮಿನಲ್ಲಿ, "ಯಾಕೆ ಮಿಸ್, ಆಗಲಿಲ್ಲ?" ಎಂದು ಕೇಳಿಬಿಟ್ಟಳು. ಮಿಸ್ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, "ಇವರನ್ನೆಲ್ಲ ನೋಡಿಯೇ," ಎಂದರು.

ನಾನು ಕಲಿತ ಕಾನ್ವೆಂಟಿನಲ್ಲೇ, ನನಗಿಂತ ನಾಲ್ಕು ಕ್ಲಾಸ್ ಮುಂದೆ, ಅವರೂ ಕಲಿತದ್ದು. ಅಲ್ಲಿ ಸಿಸ್ಟರುಗಳು ನಮಗೆ ಮೊದಲು ಮ್ಯಾನರ್ಸ್ ಕಲಿಸಿದರು, ಆಮೇಲೆ ಅಕ್ಷರ. ಊಟ ರುಚಿ ಇಲ್ಲದಿದ್ದರೆ "ವೆರಿ ಫಿಲ್ಲಿಂಗ್, ಸಿಸ್ಟರ್" ಎನ್ನಬೇಕು. ಕಪ್ಪು ಮಗುವನ್ನು ನೋಡಿದರೆ "ಎಷ್ಟು ಚೂಟಿ" ಎನ್ನಬೇಕು. ನನಗೆ ಅದು ರಕ್ತದಲ್ಲೇ ಸೇರಿಹೋಯಿತು. ಆ ಪಾಠದ ದಿನ ಮಿಸ್ ಆಬ್ಸೆಂಟ್ ಇದ್ದಿರಬೇಕು ಎಂದು ನಾವು ಹಿಂದಿನಿಂದ ನಗಾಡುತ್ತಿದ್ದೆವು. ನನ್ನ ಸೆಂಡ್‌ಆಫ್ ದಿನ ಎಲ್ಲರೂ ಹೊಗಳಿ, ಹಾರ ಹಾಕಿ ಆದಮೇಲೆ, ಆಗಲೇ ರಿಟೈರ್ ಆಗಿದ್ದ ಅವರು ಎದ್ದು ನಿಂತು ಎರಡೇ ವಾಕ್ಯ ಹೇಳಿದರು: "ಇವರ ಇಂಗ್ಲಿಷ್ ಬಹಳ ಚೆನ್ನಾಗಿತ್ತು. ಮಕ್ಕಳಿಗೆ ಬಂತೋ ಇಲ್ಲವೋ ಗೊತ್ತಿಲ್ಲ." ನನ್ನ ಗಂಡ ಹೋದಾಗ ಬಂದು, ಹೆಣದ ಪಕ್ಕ ಕುಳಿತಿದ್ದ ನನ್ನ ಕಿವಿಯಲ್ಲಿ, "ಗೊರಕೆ ಹೊಡೆಯುತ್ತಾರೆ ಅಂತ ಮೂವತ್ತು ವರ್ಷ ಹೇಳಿದಿರಲ್ಲ ಟೀಚರ್. ಇನ್ನು ನಿದ್ದೆ ಮಾಡಿ," ಎಂದರು. ಅವರ ಮಾತು ಸುಳ್ಳಾದದ್ದು ಅದೊಂದು ಸಲ. ನಿದ್ದೆ ಬರಲಿಲ್ಲ.

ರಿಟೈರ್ ಆದವರು ಸಾಮಾನ್ಯವಾಗಿ ಗಿಡ ನೆಡುತ್ತಾರೆ, ಕಾಯಿಲೆ ಬೆಳೆಸುತ್ತಾರೆ. ಮಿಸ್ ಹಿಡಿದದ್ದು ಸೋಶಿಯಲ್ ಮೀಡಿಯಾ. ಅದೂ ಎಲ್ಲರ ಹಾಗೆ ಅಲ್ಲ. ಒಂದೊಂದು ಆಪ್‌ನಲ್ಲಿ ಸರಿಯಾಗಿ ಒಂದೊಂದು ತಿಂಗಳು ಇದ್ದು, ಲ್ಯಾಬ್ ರೆಕಾರ್ಡ್ ಬರೆದಂತೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಫೋನನ್ನು ಥರ್ಮಾಮೀಟರಿನಂತೆ ದೂರ ಹಿಡಿಯುವುದು, ತೋರುಬೆರಳು ಸೊಟ್ಟಗಾಗಿದ್ದರಿಂದ ನಡುಬೆರಳಿನಲ್ಲಿ ಒತ್ತುವುದು. ಮೆಚ್ಚುಗೆಯ ಲೆಕ್ಕ ಎಲ್ಲಿ ಕಾಣುತ್ತದೆ? ಹೊಸಬರಿಗೆ ಮೊದಲು ಸಿಗುವ ಮಾತು ಎಂಥದ್ದು? ಕೆಳಗೆ ಎಳೆದಷ್ಟೂ ಬರುತ್ತದಾ, ಎಲ್ಲಾದರೂ ಮುಗಿಯುತ್ತದಾ? ಇವು ಅವರ ಪ್ರಶ್ನೆಗಳು.

ಒಮ್ಮೆ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರಿಗೆ ಕಾಯುತ್ತಾ ಕುಳಿತಿದ್ದಾಗ ನನಗೆ ರಿಸಲ್ಟ್ ಓದಿ ಹೇಳಿದರು.

"ಎಲ್ಲರೂ ಇರುವ ಆ ದೊಡ್ಡದು ಉಂಟಲ್ಲ, ಅದು ಮಲ್ಪೆ ಬಂದರಿನ ಏಲಂ. ಕೂಗಿದವನಿಗೆ ಮೀನು. ಫೋಟೋದ್ದು ಮದುವೆ ಹಾಲಿನ ಸ್ಟೇಜು. ಹತ್ತಬೇಕು, ಹಲ್ಲು ತೋರಿಸಬೇಕು, ಇಳಿಯಬೇಕು. ಒಂದರಲ್ಲಿ ನಿಮ್ಮ ಮಾತಿಗೆ ಜನ ಓಟು ಹಾಕುತ್ತಾರೆ, ಕಡಿಮೆ ಬಿದ್ದರೆ ಮಾತು ಕೆಳಗೆ ಹೋಗಿ ಮುಳುಗುತ್ತದೆ. ಇನ್ನೊಂದಕ್ಕೆ ಒಳಗಿದ್ದವರು ಚೀಟಿ ಕೊಟ್ಟರೆ ಮಾತ್ರ ಪ್ರವೇಶ. ಅಲ್ಲಿ ಎಲ್ಲರೂ ಒಳಗೆ ಬಂದ ಖುಷಿಯಲ್ಲಿ ಇದ್ದಾರೆ, ಮಾತಾಡಲು ಎಂತದೂ ಇಲ್ಲ."

"ಮತ್ತೆ ಒಳ್ಳೆಯದು ಯಾವುದು ಮಿಸ್?"

"ಒಳ್ಳೆಯದು ಅಂತ ಯಾರು ಹೇಳಿದ್ದು? ಸಹಿಸಬಹುದಾದದ್ದು ಒಂದುಂಟು."

ಅದಕ್ಕೆ ಒಬ್ಬ ಯಜಮಾನ ಅಂತ ಇಲ್ಲವಂತೆ. ಸಾವಿರಾರು ಸಣ್ಣ ಸಣ್ಣ ಮನೆಗಳು. ಪ್ರತಿ ಮನೆಗೆ ಅದರದೇ ಕಾನೂನು, ಅದರದೇ ಬಾಗಿಲು. ಮನೆಯಿಂದ ಮನೆಗೆ ಮಾತಾಡಬಹುದು, ಬೇಡವಾದರೆ ಆ ಮನೆಗೇ ಬಾಗಿಲು ಹಾಕಬಹುದು. ಅಲ್ಲಿ ಯಾರೋ ಊಟದ ಫೋಟೋ ಹಾಕುವಾಗ, ಹಸಿದವರು ಇರಬಹುದು ಎಂದು, ಒತ್ತಿದರೆ ಮಾತ್ರ ಕಾಣುವಂತೆ ಮುಚ್ಚಿಡುವುದನ್ನು ಕಂಡು ಮಿಸ್ ಗೇಲಿ ಮಾಡಿದರು. ಆದರೆ ಇನ್ನೊಂದು ಪದ್ಧತಿ ಅವರಿಗೆ ಹಿಡಿಸಿತು. ಯಾವ ಚಿತ್ರ ಹಾಕಿದರೂ, ಕಣ್ಣು ಕಾಣದವರಿಗಾಗಿ ಅದರಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆಯಬೇಕು. ಕುರುಡರ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

ಎಪ್ಪತ್ತೇಳನೆಯ ವಯಸ್ಸಿನಲ್ಲಿ ಮಿಸ್ ಅಂಥದೊಂದು ಮನೆಯನ್ನು ತಾವೇ ಕಟ್ಟಿದರು. ಹೆಸರು 'ಹಿಂಬಾಗಿಲು'. "ಮುಂಬಾಗಿಲಲ್ಲಿ ಬರುವವರು ನೆಂಟರು. ನಾವು ನೆರೆಯವರು," ಎಂದರು. ಶಾಲೆಯ ಹಳೆ ಟೀಚರುಗಳು, ಹಳೆ ವಿದ್ಯಾರ್ಥಿನಿಯರು, ಅವರ ಮನೆಯವರು ಸೇರಿ ನಲವತ್ತು ಚಿಲ್ಲರೆ ಜನ. ಮೆಚ್ಚುಗೆಯ ಲೆಕ್ಕ ಕಾಣುತ್ತಿರಲಿಲ್ಲ. ಬೇರೆಯವರ ಮಾತನ್ನು ಮುಂದಕ್ಕೆ ಕಳಿಸುವ ಬಟನನ್ನೇ ತೆಗೆಸಿದ್ದರು. ಮತ್ತು ಆ ಪಟ್ಟಿ: ಹೊರಗೆ ಹಾಕಿದವರ ಹೆಸರು, ಕಾರಣ, ಎಲ್ಲರಿಗೂ ಕಾಣುವಂತೆ. "ದೊಡ್ಡ ಆಪ್‌ನವರು ಸದ್ದಿಲ್ಲದೆ ಕುತ್ತಿಗೆ ಹಿಡಿದು ದೂಡುತ್ತಾರೆ. ನಾನು ಹೇಳಿ ದೂಡುತ್ತೇನೆ," ಎಂದರು. ನಮ್ಮ ಹಳೇ ಹೆಡ್‌ಮಾಸ್ಟರರೇ ಆರನೆಯ ಸಾಲು. ಕಾರಣ: 'ದಿನಾ ಬೆಳಿಗ್ಗೆ ಅದೇ ಗುಲಾಬಿ.' ನಾವೆಲ್ಲ ಓದಿ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ.

ಕಾರ್ಕಳದ ವಾರಿಜ ಆ ಮನೆಯ ಮಧ್ಯದಲ್ಲಿ ಇದ್ದವಳು. ನಮ್ಮಿಬ್ಬರದೂ ವಿದ್ಯಾರ್ಥಿನಿ, ನಲವತ್ತರ ಹೊತ್ತಿಗೆ ಎರಡೂ ಕಣ್ಣು ಹೋದವು. ಗಂಡ ಇಲ್ಲ, ಒಬ್ಬಳೇ ಮಗಳು ಮಸ್ಕತ್ತಿನಲ್ಲಿ ನರ್ಸ್. ಮನೆಯಲ್ಲಿ ಅವಳೂ, ನಾದಿನಿ ಲೀಲಾನೂ. ಈ ಲೀಲಾ ಫೋನು ಮುಟ್ಟುವವಳಲ್ಲ. ವಾರಿಜಳ ಫೋನು ಮಾತ್ರ ಇಡೀ ದಿನ ಮಾತಾಡುತ್ತಿತ್ತು.

ನಾನು ಒಮ್ಮೆ ಕಾಪುವಿನ ದೀಪಸ್ತಂಭದ ಫೋಟೋ ಹಾಕಿ, 'ಸೂರ್ಯಾಸ್ತ. ಸಿಂಪ್ಲಿ ಬ್ರೆತ್‌ಟೇಕಿಂಗ್' ಎಂದು ಬರೆದೆ. ಕೆಳಗೆ ಮಿಸ್ ಬರೆದರು: 'ಉಸಿರು ನಿಂತದ್ದು ಟೀಚರಿನದು. ವಾರಿಜಳಿಗೆ ದೀಪಸ್ತಂಭ ಎಡಕ್ಕಾ ಬಲಕ್ಕಾ?' ನನಗೆ ಅಳು ಬಂತು. ಮಾರನೆಯ ವಾರ ನಮ್ಮ ರೀಯೂನಿಯನ್ ಫೋಟೋಕ್ಕೆ ಅವರೇ ಬರೆದದ್ದು ನನಗೆ ಬಾಯಿಪಾಠ ಇದೆ: 'ಎಡದಿಂದ ಎರಡನೆಯವರು ಹೊಟ್ಟೆ ಒಳಗೆ ಎಳೆದುಕೊಂಡಿದ್ದಾರೆ, ಪೂರ್ತಿ ಹೋಗಿಲ್ಲ. ಮೂರನೆಯವರು ಇಂಗ್ಲಿಷ್ ಟೀಚರ್. ತಲೆಕೂದಲಿಗೆ ಬಣ್ಣ ಬಿದ್ದಿದೆ, ಹುಬ್ಬಿಗೆ ಮರೆತಿದ್ದಾರೆ. ಕೊನೆಯಲ್ಲಿ ನಾನು, ಒಣಗಿದ ನುಗ್ಗೆಕೋಡು, ಸೀರೆ ಉಟ್ಟದ್ದು.' ವಾರಿಜ ದನಿಯಲ್ಲೇ ಉತ್ತರ ಕಳಿಸಿದಳು, ನಗು ತಡೆಯಲಾಗದೆ: "ಅಯ್ಯೋ ಮಿಸ್, ಎಲ್ಲರೂ ಕಂಡರು ನನಗೆ! ಹದಿನೆಂಟು ವರ್ಷ ಆಯ್ತು ಮಾರಾಯ್ರೆ ಇಷ್ಟು ಜನರನ್ನು ಒಟ್ಟಿಗೆ ನೋಡದೆ!"

ಹಾಗೆ ಶುರುವಾಯಿತು ಡ್ಯೂಟಿ. ಯಾರಾದರೂ ವಿವರಣೆ ಇಲ್ಲದೆ ಫೋಟೋ ಹಾಕಿದರೆ ಕೆಳಗೆ ವಿವರಣೆ ಬರೆಯುವ ಕೆಲಸ. ವಾರಕ್ಕೊಬ್ಬರ ಪಾಳಿ, ಶಾಲೆಯ ಲಂಚ್ ಡ್ಯೂಟಿಯ ಹಾಗೆ. ಚಾರ್ಟ್ ಮಿಸ್ ಬರೆಯುವುದು.

ಎರಡು ವರ್ಷದ ಹಿಂದೆ, ಆಟಿ, ಅಂದರೆ ನಮ್ಮ ಕಡೆಯ ಆಷಾಢ, ಹಿಡಿದ ಮೊದಲ ವಾರ, ಡ್ಯೂಟಿ ನನ್ನದಾಗಿತ್ತು. ವಾರಿಜಳ ಮಗಳು ಮಸ್ಕತ್ತಿನಿಂದ ತನ್ನದೊಂದು ಫೋಟೋ ಹಾಕಿದಳು. 'ಅಮ್ಮನಿಗೆ' ಎಂದಷ್ಟೇ. ವಿವರಣೆ ಇರಲಿಲ್ಲ.

ತೆರೆದು ನೋಡಿದೆ. ಕಿಟಕಿಯ ಪಕ್ಕ ಕುಳಿತಿದ್ದಾಳೆ. ತಲೆಗೆ ಬಿಗಿಯಾಗಿ ಕಟ್ಟಿದ ಗುಲಾಬಿ ಬಣ್ಣದ ಸ್ಕಾರ್ಫ್. ಕೆನ್ನೆ ಒಳಗೆ ಹೋಗಿದೆ. ಹುಬ್ಬು ಇಲ್ಲ, ರೆಪ್ಪೆಯ ಕೂದಲೂ ಇಲ್ಲ. ನನ್ನ ಸ್ವಂತ ಅಕ್ಕ ಕೊನೆಯ ಆರು ತಿಂಗಳು ಹಾಗೇ ಇದ್ದಳು. ನನಗೆ ಗೊತ್ತಾಗಲಿಲ್ಲ ಎಂದು ಬೇರೆಯವರಿಗೆ ಹೇಳಿದ್ದೇನೆ. ಇಲ್ಲಿ ಬರೆಯುತ್ತೇನೆ: ಗೊತ್ತಾಯಿತು. ಒಂದು ಕಣ್ಣೋಟಕ್ಕೇ ಗೊತ್ತಾಯಿತು.

ನಾನು ಬರೆದದ್ದು ಇದು: 'ಮಗಳು ಕಿಟಕಿಯ ಹತ್ತಿರ ನಗುತ್ತಾ ಕುಳಿತಿದ್ದಾಳೆ. ತಲೆಗೆ ಗುಲಾಬಿ ಸ್ಕಾರ್ಫ್, ಲೇಟೆಸ್ಟ್ ಸ್ಟೈಲ್. ಸ್ವಲ್ಪ ಸ್ಲಿಮ್ ಆಗಿದ್ದಾಳೆ. ಇಟ್ ಸೂಟ್ಸ್ ಹರ್.'

ಫೋನು ಅದನ್ನು ವಾರಿಜಳಿಗೆ ಓದಿ ಹೇಳಿತು. ಅವಳು ಎಷ್ಟು ಸಲ ಓದಿಸಿದಳೋ. ಲೀಲಾನನ್ನು ಕೇಳಬಹುದಿತ್ತು, ಕೇಳಲಿಲ್ಲ. ಇಂಗ್ಲಿಷ್ ಟೀಚರೇ ಬರೆದ ಮೇಲೆ ಇನ್ನು ಯಾರನ್ನು ಯಾಕೆ ಕೇಳಬೇಕು? ಅಳಿಯ ಮೊದಲೇ, "ಅಮ್ಮ, ಒಮ್ಮೆ ಬಂದು ಹೋಗಿ, ಟಿಕೆಟ್ ಮಾಡಿಸುತ್ತೇನೆ," ಎಂದಿದ್ದನಂತೆ, ಕಾರಣ ಹೇಳದೆ. ವಾರಿಜ ಆ ವಾರ ನನಗೆ ಫೋನು ಮಾಡಿದಳು.

"ಟೀಚರ್, ಹೋಗಬೇಕು ಅಂತ ಇದ್ದೆ. ಮನಸ್ಸಿಗೆ ಎಂತದೋ ಆಗುತ್ತಿತ್ತು. ಈಗ ನೀವು ಹೇಳಿದ ಮೇಲೆ ಸಮಾಧಾನ ಆಯ್ತು. ಆಟಿಯಲ್ಲಿ ದೂರ ಹೊರಡಬಾರದು ಅಲ್ವಾ? ಆಟಿ ಕಳೆಯಲಿ, ಸೋಣದಲ್ಲಿ ಹೋಗುತ್ತೇನೆ. ಅವಸರ ಎಂತ?"

ಒಂದು ಮಾತು ಸಾಕಿತ್ತು. ನಾನು ಏನು ಹೇಳಿದೆ? "ಹೌದು ಮಗಾ. ಮಳೆಯೂ ನಿಲ್ಲಲಿ," ಎಂದೆ.

ಆಟಿ ಮುಗಿಯಲು ಐದು ದಿನ ಇರುವಾಗ ಮಗಳು ಹೋದಳು. ಪೆಟ್ಟಿಗೆ ಕಾರ್ಕಳಕ್ಕೆ ಬಂದ ದಿನ ನಾನೂ ಇದ್ದೆ, ಮಿಸ್ಸೂ ಇದ್ದರು. ವಾರಿಜಳನ್ನು ಹತ್ತಿರ ಕೂರಿಸಿದರು. ಅವಳು ಮಗಳ ಮುಖದ ಮೇಲೆ ಕೈಯಾಡಿಸಿದಳು. ಕೆನ್ನೆ, ಮೂಗು, ಹಣೆ. ಬೆರಳು ಹಣೆಯ ಮೇಲೆ ಎಡಕ್ಕೆ ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂತು, ಏನನ್ನೋ ಇಟ್ಟ ಜಾಗ ಮರೆತವರು ಹುಡುಕುವ ಹಾಗೆ.

"ಹುಬ್ಬು ಎಲ್ಲಿ?" ಎಂದಳು.

ಕೈ ಸ್ಕಾರ್ಫಿನ ಒಳಗೆ ಹೋಯಿತು. ಅಲ್ಲೇ ನಿಂತಿತು.

"ಟೀಚರ್ ಇದ್ದಾರಾ ಇಲ್ಲಿ? ಇಂಗ್ಲಿಷ್ ಟೀಚರ್?"

"ಇದ್ದೇನೆ ಮಗಾ."

"ಹುಬ್ಬು ಇಲ್ಲದ್ದು ನಿಮಗೆ ಕಾಣಲಿಲ್ವಾ?"

ನಾನು ಬಾಯಿ ತೆರೆಯುವುದರೊಳಗೆ ಮಿಸ್ ಹೇಳಿದರು, ಎಲ್ಲರಿಗೂ ಕೇಳುವಂತೆ: "ಕಂಡಿದೆ. ಅವರ ಕಣ್ಣು ಚೆನ್ನಾಗಿಯೇ ಉಂಟು. ಮಣಿಪಾಲಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ."

ಸಂಜೆ ಮನೆಗೆ ಬಂದು ನೋಡಿದರೆ 'ಹಿಂಬಾಗಿಲು' ನನಗೆ ತೆರೆಯಲಿಲ್ಲ. ಪಟ್ಟಿ ನೋಡಿದೆ. ಹನ್ನೊಂದನೆಯ ಸಾಲು, ನನ್ನ ಪೂರ್ತಿ ಹೆಸರು, ಗಂಡನ ಮನೆತನದ ಹೆಸರು ಸಹಿತ. ಕಾರಣ: 'ಕಣ್ಣಿಲ್ಲದವಳಿಗೆ ಸುಳ್ಳು ಹೇಳಿದರು.'

ಹತ್ತು ದಿನ ಬಿಟ್ಟು ಕಲ್ಯಾಣಪುರಕ್ಕೆ ಹೋದೆ. ಮಿಸ್ ನಿಂತುಕೊಂಡೇ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ನನಗೂ ಒಂದು ಲೋಟ ತಂದಿಟ್ಟರು, ಸಕ್ಕರೆ ಹಾಕದೆ.

"ಮಿಸ್, ಅದನ್ನು ತೆಗೆಯಿರಿ. ಪ್ಲೀಸ್. ಮೊಮ್ಮಕ್ಕಳು ಓದುತ್ತಾರೆ."

"ಓದಲಿ."

"ನಾನು ನೋವಾಗಬಾರದು ಅಂತ ಬರೆದೆ. ಅವಳ ಒಳ್ಳೆಯದಕ್ಕೇ."

"ಯಾರಿಗೆ ನೋವಾಗಬಾರದು ಅಂತ? ಅವಳಿಗಾ, ನಿಮಗಾ? ಆ ಹುಡುಗಿ ನರ್ಸ್. ತನಗೆ ಏನಾಗಿದೆ ಅಂತ ಅವಳಿಗೆ ಗೊತ್ತು. ಅಮ್ಮನ ಹತ್ತಿರ ಹೇಳಲು ಬಾಯಿ ಬರಲಿಲ್ಲ. ಯಾರಾದರೂ ಹೇಳಲಿ ಅಂತ ಫೋಟೋ ಹಾಕಿ ಜಾಗ ಖಾಲಿ ಬಿಟ್ಟಳು. ಆ ಖಾಲಿ ಜಾಗದಲ್ಲಿ ನೀವು ಹೋಗಿ 'ಲೇಟೆಸ್ಟ್ ಸ್ಟೈಲ್' ಬರೆದಿರಿ."

ನನಗೆ ಸಿಟ್ಟು ಬಂತು. ಎಪ್ಪತ್ತು ದಾಟಿದ ಮೇಲೆ ಅಷ್ಟು ಸಿಟ್ಟು ಬರುತ್ತದೆ ಎಂದು ಗೊತ್ತಿರಲಿಲ್ಲ. "ನೀವು? ನೀವು ಫೋಟೋ ನೋಡಲಿಲ್ವಾ? ಮನೆ ನಿಮ್ಮದಲ್ವಾ?"

"ನೋಡಲಿಲ್ಲ," ಎಂದರು. "ಡ್ಯೂಟಿ ಶುರುವಾದ ಮೇಲೆ ಯಾವ ಫೋಟೋವನ್ನೂ ನಾನು ತೆರೆಯುವುದಿಲ್ಲ. ಡ್ಯೂಟಿಯವರು ಬರೆದದ್ದನ್ನು ಮಾತ್ರ ಓದುತ್ತೇನೆ. ವಾರಿಜಳಿಗೆ ಎಷ್ಟು ಕಾಣುತ್ತದೋ ಅಷ್ಟೇ ನನಗೂ ಕಾಣಲಿ ಅಂತ. ನೀವು ಬರೆದದ್ದು ಓದಿದೆ. ಸ್ಲಿಮ್ ಆಗಿದ್ದಾಳೆ ಅಂದುಕೊಂಡೆ."

"ಹಾಗಾದರೆ ನಿಮ್ಮ ಆ ರೂಲೂ ಸೇರಿ ಆ ತಾಯಿಯನ್ನು ಮಸ್ಕತ್ತಿಗೆ ಹೋಗದೆ ಇಲ್ಲೇ ಕೂರಿಸಿತು, ಮಿಸ್. ನಾನೊಬ್ಬಳೇ ಅಲ್ಲ." ಹೇಳಬೇಕೆಂದೇ ಹೇಳಿದೆ. ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದು ಹೇಳಿದೆ. ಕೈಮುಗಿದದ್ದು ಅದರ ನಂತರ, ಉಪಯೋಗ ಇಲ್ಲದಾಗ.

ಅವರು ಲೋಟ ತೊಳೆದು ಬೋರಲು ಹಾಕಿದರು. ನಾನು ಕುಡಿಯದೆ ಬಿಟ್ಟ ಲೋಟವನ್ನೂ ಚೆಲ್ಲಿ, ತೊಳೆದು, ಪಕ್ಕದಲ್ಲೇ ಬೋರಲು ಹಾಕಿದರು. "ಬಸ್ಸಿಗೆ ಹೊತ್ತಾಯಿತು ಟೀಚರ್," ಎಂದರು. ಆಮೇಲೆ ನಾವು ಮಾತಾಡಲಿಲ್ಲ. ಕೆಲವು ದಿನದ ಮೇಲೆ ಪಟ್ಟಿ ತೆರೆದಾಗ ಹನ್ನೆರಡನೆಯ ಸಾಲು ಬಂದಿತ್ತು. ಅವರದೇ ಹೆಸರು. ಕಾರಣ: 'ನೋಡಲಿಲ್ಲ.' ಅಲ್ಲಿಗೆ ಆ ಮನೆ ಮುಗಿಯಿತು. ಪಟ್ಟಿಯ ಪುಟ ಮಾತ್ರ ಉಳಿಯಿತು.

ಮಿಸ್ ಬಂದರಿನ ಏಲಂ ಎಂದಿದ್ದ ಆ ದೊಡ್ಡ ಆಪ್‌ಗೇ ವಾರಿಜ ವಾಪಸ್ ಹೋದಳು ಎಂದು ಕೇಳಿದೆ. ಅಲ್ಲಿ ಚಿತ್ರಗಳಿಗೆ ಮನುಷ್ಯರು ಬರೆಯುವುದಿಲ್ಲ, ಯಂತ್ರವೇ ಊಹಿಸಿ ಹೇಳುತ್ತದೆ: 'ಒಬ್ಬ ವ್ಯಕ್ತಿ ಇರಬಹುದು. ಹೊರಾಂಗಣ ಇರಬಹುದು.' ಕಾರ್ಕಳದ ಒಬ್ಬ ಹಳೆ ಟೀಚರ್ ಅವಳನ್ನು ಕೇಳಿದಳಂತೆ, ಅಷ್ಟರಲ್ಲಿ ನಿನಗೆ ಏನು ತಿಳಿಯುತ್ತದೆ ಎಂದು. ವಾರಿಜ ಹೇಳಿದಳಂತೆ: "ಕಡಿಮೆಯೇ ಹೇಳುತ್ತದೆ. ಆದರೆ ಅದಕ್ಕೆ ನನ್ನ ಮೇಲೆ ಪ್ರೀತಿ ಇಲ್ಲ. ಅದೊಂದು ಧೈರ್ಯ."

ಮಿಸ್ಸಿನ ಮನೆಯಲ್ಲಿ ಮೊನ್ನೆ ಜನ ಕಡಿಮೆ ಇತ್ತು. ಅವರನ್ನು ಕಂಡರೆ ಆಗದವರೇ ಹೆಚ್ಚಾಗಿ ಬಂದಿದ್ದರು, ಖಾತ್ರಿ ಮಾಡಿಕೊಳ್ಳಲೋ ಏನೋ. ಹಾಲಿನ ಮಧ್ಯೆ ಪೆಟ್ಟಿಗೆ, ತಲೆಯ ಹತ್ತಿರ ಎರಡು ಮೇಣದಬತ್ತಿ. ಬಿಳಿ ಸೀರೆ, ಬೆರಳುಗಳ ನಡುವೆ ಜಪಸರ. ನಾನು ಹತ್ತಿರ ಹೋಗಿ ತುಂಬ ಹೊತ್ತು ನೋಡಿದೆ. ಏನು ಹೇಳಲಿ, ಆ ಮುಖ ಸುಂದರವಾಗಿತ್ತು. ಹಣೆಯ ಗೆರೆಗಳು ಇಳಿದಿದ್ದವು. ತುಟಿಯ ತುದಿಯಲ್ಲಿ ಸಣ್ಣ ನಗು ಕೂಡ. ನನ್ನನ್ನು ಕ್ಷಮಿಸಿದ್ದಾರೆ ಎನಿಸಿ ಕಣ್ಣು ತುಂಬಿತು.

ಆಗ ಲೀಲಾನ ಕೈ ಹಿಡಿದು ವಾರಿಜ ಬಂದಳು. ನಾನು ತಡೆಯಲಾರದೆ ಅವಳ ಇನ್ನೊಂದು ಕೈ ಹಿಡಿದುಕೊಂಡೆ.

"ಯಾರು?"

"ನಾನು ಮಗಾ. ಟೀಚರ್." ಅವಳು ಕೈ ಎಳೆದುಕೊಳ್ಳಲಿಲ್ಲ. ನನಗೆ ಧೈರ್ಯ ಬಂತು. "ಮಿಸ್ ಎಷ್ಟು ಪೀಸ್‌ಫುಲ್ ಆಗಿದ್ದಾರೆ ಗೊತ್ತುಂಟಾ? ನಿದ್ದೆ ಮಾಡಿದ ಹಾಗೆ. ಸಣ್ಣಗೆ ನಗುತ್ತಿದ್ದಾರೆ."

ಆಗ ಎಳೆದುಕೊಂಡಳು. ಸಿಟ್ಟಿನಿಂದ ಅಲ್ಲ. ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

"ಲೀಲಾ, ನೀನು ಹೇಳು."

ಲೀಲಾ ಬಗ್ಗಿ ನೋಡಿದಳು. ಮಾರ್ಕೆಟ್ಟಿನಲ್ಲಿ ಮೀನಿನ ಕಿವಿರು ಎತ್ತಿ ನೋಡುವಷ್ಟೇ ಗಮನದಿಂದ ನೋಡಿದಳು. "ಮೂಗಿಗೆ ಹತ್ತಿ ಇಟ್ಟಿದ್ದಾರೆ ಅತ್ತಿಗೆ, ಎರಡಕ್ಕೂ. ಗಲ್ಲಕ್ಕೆ ಬಟ್ಟೆ ಕಟ್ಟಿದ್ದಾರೆ. ಎಡಗಣ್ಣು ಪೂರ್ತಿ ಮುಚ್ಚಿಲ್ಲ, ಬಿಳಿ ಕಾಣುತ್ತದೆ. ಬಾಯಿ ಒಂದು ಬದಿಗೆ ಹೋಗಿದೆ."

"ಮುಖ ಹೇಗುಂಟು?"

"ಯಾರಿಗೋ ಬೈಯಲು ಹೊರಟ ಹಾಗೆ ಉಂಟು."

ವಾರಿಜಳ ಮುಖ ಅರಳಿತು. ಎರಡು ವರ್ಷದಲ್ಲಿ ನಾನು ಅದನ್ನು ಕಂಡದ್ದು ಮೊದಲ ಸಲ. "ಹಾಗಾದರೆ ಅವರೇ," ಎಂದು ಕೈ ಚಾಚಿ, ಮಿಸ್ಸಿನ ಆ ನಡುಬೆರಳನ್ನು ಹುಡುಕಿ ಹಿಡಿದುಕೊಂಡಳು.

ನಾನು ಮತ್ತೆ ನೋಡಿದೆ. ಹತ್ತಿ ಇತ್ತು, ಎರಡೂ ಕಡೆ. ಬಟ್ಟೆಯ ಗಂಟು ಇತ್ತು. ಎಡಗಣ್ಣಿನ ಬಿಳಿ ನನ್ನ ಕಡೆಗೇ ಇತ್ತು. ಈ ಸಲ ನಾನು ಸುಳ್ಳು ಹೇಳಿರಲಿಲ್ಲ. ಅಷ್ಟು ಹೊತ್ತು ನಿಂತು ನೋಡಿದರೂ ಅದ್ಯಾವುದೂ ನನಗೆ ಕಂಡೇ ಇರಲಿಲ್ಲ.